ಬಾಲಂಗೋಚಿ ಇಲ್ಲದ ಹೊಗಳಿಕೆ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಅವರಿಗೆ ನಲವತ್ತೈದರ ಆಸುಪಾಸು. ಒಂದು ಸಂಸ್ಥೆಯ ಲೆಕ್ಕಪತ್ರ ವಿಭಾಗದ ಮ್ಯಾನೇಜರ್, ಕೈಕೆಳಗೆ ಒಂಬತ್ತು ಜನ. ನಿದ್ದೆ ಬರುತ್ತಿಲ್ಲ ಎಂದು ಬಂದವರು ಎರಡನೇ ಭೇಟಿಯಲ್ಲಿ ಒಳಗಿನ ಮಾತು ಬಿಚ್ಚಿದರು. ಕಣ್ಣು ಮುಚ್ಚಿ ನಂಬಬಹುದಾಗಿದ್ದ ಸಹೋದ್ಯೋಗಿಯೊಬ್ಬಳು ರಾಜೀನಾಮೆ ಕೊಟ್ಟಿದ್ದಳು. ಏಕೆಂದು ಕೇಳಿದಾಗ ಆಕೆ ಹೇಳಿದ ಮಾತು ಇವರ ಎದೆಯಲ್ಲಿ ಮುಳ್ಳಾಗಿ ಕೂತಿತ್ತು: “ಸರ್, ನೀವು ಹೊಗಳಿದ್ರೆ ನನಗೆ ಎದೆ ಧಸಕ್ ಅನ್ನುತ್ತೆ.”

“ನಾನೇನು ಬೈದೆನಾ ಮೇಡಂ? ಇಡೀ ಆಫೀಸಿನಲ್ಲಿ ನನ್ನಷ್ಟು ಬೆನ್ನು ತಟ್ಟೋರು ಯಾರೂ ಇಲ್ಲ” ಎಂದರು. ಹೇಳುವಾಗ ಕಣ್ಣು ತುಂಬಿತ್ತು.

ಆಕೆಗೆ ಕಳಿಸಿದ್ದ ಮೆಚ್ಚುಗೆಯ ಸಂದೇಶಗಳನ್ನು ಮೊಬೈಲಿನಲ್ಲಿ ಹುಡುಕಿ ಗಟ್ಟಿಯಾಗಿ ಓದಿ ಎಂದೆ. ಮೊದಲನೆಯದು: “ಸೂಪರ್ ಕೆಲಸ! ನೀವಿದ್ದರೆ ನನಗೆ ಚಿಂತೆಯೇ ಇಲ್ಲ. ಹಾಗೇ, ನಾಳೆ ಬೆಳಗ್ಗೆಯೊಳಗೆ ಇನ್ನೊಂದು ಶಾಖೆಯ ಲೆಕ್ಕವನ್ನೂ ತಾಳೆ ನೋಡಿಬಿಡಿ.” ಎರಡನೆಯದರಲ್ಲೂ ಒಂದು ‘ಹಾಗೇ’. ಮೂರನೆಯದರಲ್ಲಿ ‘ಹೇಗೂ ನಿಮಗೆ ಇದೆಲ್ಲ ಸಲೀಸು’. ಐದನೆಯದಕ್ಕೆ ಬರುವಷ್ಟರಲ್ಲಿ ಅವರ ದನಿ ಇಳಿಯಿತು. ಫೋನನ್ನು ಮಗುಚಿ ಮೇಜಿನ ಮೇಲಿಟ್ಟು ಸುಮ್ಮನೆ ಕೂತರು.

ಬೇಕೆಂದೇ ಮಾಡಿದ್ದಲ್ಲ. ಖುಷಿಯಾದಾಗ ಹೊಗಳುತ್ತಿದ್ದರು, ಅದೇ ಉಸಿರಿನಲ್ಲಿ ಮುಂದಿನ ಕೆಲಸವೂ ನೆನಪಾಗುತ್ತಿತ್ತು. ಆದರೆ ಕೇಳುವವರಿಗೆ ಮೊದಲ ವಾಕ್ಯ ಎರಡನೆಯದರ ಮುನ್ಸೂಚನೆ ಆಗಿಬಿಟ್ಟಿತ್ತು. ಚೆನ್ನಾಗಿ ಮಾಡಿದಷ್ಟೂ ಹೊರೆ ಹೆಚ್ಚುತ್ತದೆ ಎಂದಾದರೆ ಮೆಚ್ಚುಗೆ ಯಾರಿಗೆ ಬೇಕು?

ಲೆಕ್ಕದ ಮನುಷ್ಯ, ಆಧಾರವಿದ್ದರೆ ಒಪ್ಪುತ್ತಾರೆ ಎನಿಸಿ ಎರಡು ಹಳೆಯ ಪ್ರಯೋಗಗಳ ಬಗ್ಗೆ ಹೇಳಿದೆ. 1971ರಲ್ಲಿ ಎಡ್ವರ್ಡ್ ಡೆಸಿ ಎಂಬ ಮನಶ್ಶಾಸ್ತ್ರಜ್ಞ ಕಾಲೇಜು ವಿದ್ಯಾರ್ಥಿಗಳಿಗೆ ತುಂಡು ಜೋಡಿಸುವ ಒಗಟು ಕೊಟ್ಟಿದ್ದರು. ಬಿಡಿಸಿದ್ದಕ್ಕೆ ಹಣ ಪಡೆದವರಿಗೆ, ಹಣ ನಿಂತ ಮೇಲೆ ಒಗಟಿನ ಮೇಲಿನ ಒಲವೂ ತಗ್ಗಿತು. ಬಾಯಿಮಾತಿನ ಮೆಚ್ಚುಗೆ ಪಡೆದವರಲ್ಲಿ ಹಾಗಾಗಲಿಲ್ಲ. ಮೆಚ್ಚುಗೆಗೆ ಅಷ್ಟು ಶಕ್ತಿಯಿದೆ. ಆದರೆ 1982ರಲ್ಲಿ ರಿಚರ್ಡ್ ರಯಾನ್ ಇನ್ನೊಂದು ಸೂಕ್ಷ್ಮ ತೋರಿಸಿದರು: ಅದೇ ಮೆಚ್ಚುಗೆಗೆ ‘ನೀವು ಹೀಗೇ ಮಾಡಬೇಕು’ ಎಂಬ ಒತ್ತಡ ಸೇರಿದರೆ ಒಳಗಿನ ಆಸಕ್ತಿ ಕುಂದುತ್ತದೆ. “ನಿಮ್ಮ ‘ಹಾಗೇ’ ಇದೆಯಲ್ಲ, ಆ ಒತ್ತಡ ಅದೇ” ಎಂದೆ.

ನಾನು ಕೊಟ್ಟ ಮೊದಲ ಸಲಹೆ ಅವರಿಗೆ ವಿಚಿತ್ರವೆನಿಸಿತು. ಒಂದು ವಾರ ಯಾರನ್ನೂ ಹೊಗಳಬೇಡಿ, ನೋಡಿ ಅಷ್ಟೇ. ದಿನಾ ಸಂಜೆ ಯಾರೋ ಒಬ್ಬರು ಮಾಡಿದ ಒಂದು ಕೆಲಸವನ್ನು ಪುಸ್ತಕದಲ್ಲಿ ಬರೆಯಿರಿ. ಮೂರು ದಿನ ‘ಶ್ರದ್ಧೆಯಿಂದ ದುಡಿದರು’ ಎಂದೇ ಬರೆದಿದ್ದರು. ಅದು ಯಾರಿಗಾದರೂ ಹೊಂದುವ ಮಾತು. ನಾಲ್ಕನೇ ದಿನದ ಸಾಲು ಬೇರೆಯಾಗಿತ್ತು: ‘ಒಂದೇ ಬಿಲ್ಲು ಬೇರೆ ಬೇರೆ ನಂಬರಿನಲ್ಲಿ ಎರಡು ಸಲ ಬಂದಿತ್ತು. ಹೊಸ ಹುಡುಗ ಪಾವತಿಗೆ ಮೊದಲೇ ಹಿಡಿದ.’ ಓದಿ ನನಗೇ ಸಂತೋಷವಾಯಿತು. ಈ ಸಾಲನ್ನು ಹಾಗೆಯೇ ಅವನಿಗೆ ಹೇಳಿ ಎಂದೆ. ಹೊಸ ಕೆಲಸ ಒಪ್ಪಿಸುವುದಿದ್ದರೆ ಅದು ಇನ್ನೊಂದು ದಿನದ ಮಾತು. ಆಗಲೂ ಸಿಹಿ ಸವರದೆ, ಇದನ್ನು ಕೈಗೆತ್ತಿಕೊಂಡರೆ ಯಾವುದನ್ನು ಬದಿಗಿಡಬಹುದು ಎಂದು ನೇರವಾಗಿ ಕೇಳಿ.

ತಿಂಗಳಿಗೊಬ್ಬರ ಫೋಟೋ ಗೋಡೆಗೆ ಹಾಕಲೇ ಎಂದು ಕೇಳಿದರು. ಇಷ್ಟು ಚಿಕ್ಕ ತಂಡದಲ್ಲಿ ಬೇಡ ಎಂದೆ. ಒಬ್ಬರ ಮುಖ ಅರಳಿ ಎಂಟು ಮುಖ ಬಾಡುತ್ತವೆ, ಎಲ್ಲರೆದುರು ಹೊಗಳಿದರೆ ಮುದುಡುವವರೂ ಇದ್ದಾರೆ.

ಇನ್ನೊಂದು ಮಾತನ್ನು ಸ್ವಲ್ಪ ಕಟುವಾಗಿಯೇ ಹೇಳಬೇಕಾಯಿತು. ಹೊಗಳಿಕೆ ಸಂಬಳದ, ಬಡ್ತಿಯ, ರಜೆಯ ಬದಲಿಗೆ ಕೊಡುವ ವಸ್ತುವಲ್ಲ. ನಿಮ್ಮ ಬಾಯಿಮಾತು ಅವರ ಕಡತ ಸೇರುವುದಿಲ್ಲ. ಯಾರ ಕೆಲಸ ಎಂಬುದನ್ನು ಹೆಸರು ಹಿಡಿದು ಮೇಲಿನವರಿಗೆ ಬರೆದು ಕಳಿಸಿ.

ರಾಜೀನಾಮೆ ಕೊಟ್ಟವಳ ಬಳಿ ಕ್ಷಮೆ ಕೇಳಲು ಅವರೇ ಬಯಸಿದರು. ಕೇಳಿ, ಆದರೆ ‘ಇಲ್ಲೇ ಉಳಿಯಿರಿ’ ಎನ್ನಬೇಡಿ, ಅದೂ ಬಾಲಂಗೋಚಿಯೇ ಆಗುತ್ತದೆ ಎಂದೆ. ಹಾಗೆಯೇ ಮಾಡಿದರು. ಆಕೆ ನಿಗದಿಯಾದ ದಿನ ಹೊರಟುಹೋದಳು. ಅದರ ನೋವು ಇವರಿಗೆ ಇನ್ನೂ ಇದೆ, ಇರಲಿ ಎಂದೇ ನಾನೂ ಬಿಟ್ಟಿದ್ದೇನೆ.

ಮುಂದಿನ ಭೇಟಿಯಲ್ಲಿ ಹೊಸ ಹುಡುಗನ ವಿಷಯ ಹೇಳಿದರು. ಅವನ ಮೇಜಿನ ಬಳಿ ಹೋಗಿ ಬಿಲ್ಲಿನ ಮಾತು ಹೇಳಿದರಂತೆ. ಅವನು ಕೂಡಲೇ ಡೈರಿ ಎಳೆದುಕೊಂಡು ಪೆನ್ನು ತೆರೆದ. “ಸರಿ ಸರ್, ಈಗ ಏನು ಮಾಡಬೇಕು?”

“ಏನಿಲ್ಲಪ್ಪ. ಇಷ್ಟು ಹೇಳೋಣ ಅಂತ ಬಂದೆ.”

ಪೆನ್ನಿನ ಮುಚ್ಚಳ ಹಾಕಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತಂತೆ.