ಮಾವಿನ ಗೊರಟೆ ನುಂಗಿದ ನಾಯಿ
ನಿಮ್ಮ ಲ್ಯಾಬ್ರಡಾರ್ ನಿನ್ನೆ ಮಾವಿನ ಗೊರಟೆ ಇಡಿಯಾಗಿ ನುಂಗಿದೆ, ಬೆಳಗ್ಗಿನಿಂದ ಎರಡು ಸಲ ವಾಂತಿ ಆಗಿದೆ, ಕಾದು ನೋಡಲಾ ಅಂತ ಕೇಳಿದ್ದೀರಿ. ದಯವಿಟ್ಟು ಕಾಯಬೇಡಿ, ಈಗಲೇ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ. ಗೊರಟೆ ಹೊಟ್ಟೆಯಲ್ಲಿ ಕರಗುವುದಿಲ್ಲ. ಕರುಳಿಗೆ ಇಳಿದು ಸಿಕ್ಕಿಕೊಂಡರೆ ಆಪರೇಷನ್ನೇ ಗತಿ.

ನಮ್ಮ ನಾಯಿಗೂ ಹೀಗೇ ಆಗಿತ್ತು. ಎರಡು ದಿನ ಆರಾಮಾಗಿ ಓಡಾಡಿಕೊಂಡಿತ್ತು. ಮೂರನೇ ದಿನ ನೀರು ಕುಡಿದರೂ ಹಳದಿ ನೊರೆ ಕಕ್ಕಿತು. ಮುಂಗಾಲು ಚಾಚಿ, ಸೊಂಟ ಮೇಲೆತ್ತಿ ನಿಲ್ಲುತ್ತಿತ್ತು, ಪಾಪ. ಅದು ಹೊಟ್ಟೆನೋವಿನ ಗುರುತು ಅಂತ ಆಗ ಗೊತ್ತಿರಲಿಲ್ಲ.

ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಮಾತ್ರ ಹೋಗಬೇಡಿ. ಉಪ್ಪು ಜಾಸ್ತಿಯಾದರೆ ಅದೇ ವಿಷ. ಗೊರಟೆ ಅನ್ನನಾಳದಲ್ಲೂ ಸಿಕ್ಕಿಕೊಳ್ಳಬಹುದು. ಎಕ್ಸ್‌ರೇಯಲ್ಲಿ ಸರಿಯಾಗಿ ಕಾಣದಿದ್ದರೆ ಸ್ಕ್ಯಾನಿಂಗ್ ಮಾಡ್ತೀರಾ ಅಂತ ಕೇಳಿ. ಅಲ್ಲಿಯವರೆಗೆ ಊಟ ಹಾಕಬೇಡಿ.