ಮುಳ್ಳಯ್ಯನಗಿರಿ ಹತ್ತಿದರೆ ಲೇಹ್‌ಗೆ ಮೈ ಒಗ್ಗುತ್ತಾ?

ಸೇನೆಯಲ್ಲಿರೋ ತಮ್ಮನಿಗೆ ಲಡಾಖ್‌ನ ಲೇಹ್‌ಗೆ ಪೋಸ್ಟಿಂಗ್ ಆಗಿದೆ, ಅಲ್ಲಿವರೆಗೆ ದಿನಾ ಮುಳ್ಳಯ್ಯನಗಿರಿ ಓಡಿ ಹತ್ತಿದರೆ ಸಾಕಾ ಅಂತ ಕೇಳಿದ್ದೀರಿ. ಹತ್ತಲಿ ಬಿಡಿ, ಬೆನ್ನಿಗೆ ಭಾರ ಹಾಕಿಕೊಂಡು ಸರ್ಪದಾರಿ ಅನ್ನೋ ಕಾಲುದಾರಿಯಲ್ಲಿ ಹೋದರೆ ಇನ್ನೂ ಒಳ್ಳೆಯದು. ಕಾಲು, ದಮ್ಮು ಗಟ್ಟಿಯಾಗುತ್ತೆ. ಆದರೆ ಎತ್ತರಕ್ಕೆ ಮೈ ಒಗ್ಗಲ್ಲ. ನಮ್ಮ ಗಿರಿ ಸುಮಾರು 1,930 ಮೀಟರ್, ಲೇಹ್ 3,500ರ ಹತ್ತಿರ (ಸುಮಾರು 11,500 ಅಡಿ). ಅಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದ ಮೂರರಲ್ಲಿ ಎರಡು ಪಾಲು ಅಷ್ಟೇ.

ಅದಕ್ಕೇ ಸೇನೆಯವರು ಹಂತ ಹಂತವಾಗಿ ಒಗ್ಗಿಸುತ್ತಾರೆ. 9,000ದಿಂದ 12,000 ಅಡಿಯಲ್ಲಿ 6 ದಿನ: ಮೊದಲೆರಡು ದಿನ ವಿಶ್ರಾಂತಿ, ಆಮೇಲೆ ನಿಧಾನ ನಡಿಗೆ, ಕೊನೆಗೆ ಸಣ್ಣ ಏರು. 12,000 ದಾಟಿದರೆ ಮತ್ತೆ 4 ದಿನ, 15,000 ದಾಟಿದರೆ ಇನ್ನೂ 4.

ಫಿಟ್ ಆಗಿರೋರಿಗೆ ಏನೂ ಆಗಲ್ಲ ಅನ್ನೋದು ಸುಳ್ಳು. ನಂಗೇನಾಗುತ್ತೆ ಅಂತ ಬಂದಿಳಿದ ದಿನವೇ ಓಡೋಕೆ ಹೋದರೆ ಎಂಥ ಗಟ್ಟಿಗನೂ ಮಲಗಬೇಕಾಗಬಹುದು. ಕೂತಲ್ಲೇ ಏದುಸಿರು, ಬಿಡದ ಕೆಮ್ಮು ಬಂದರೆ ಶ್ವಾಸಕೋಶದಲ್ಲಿ ನೀರು ತುಂಬ್ತಿರಬಹುದು, ಮರ್ಯಾದೆ ಪ್ರಶ್ನೆ ಅಂತ ಸುಮ್ನೆ ಇರದೆ ತಕ್ಷಣ ಡಾಕ್ಟರಿಗೆ ಹೇಳಬೇಕು. ಆಮ್ಲಜನಕ ಕೊಟ್ಟು ಬೇಗ ಕೆಳಗಿಳಿಸೋದೇ ಅದಕ್ಕೆ ಮುಖ್ಯ ಮದ್ದು.

ಇನ್ನೊಂದು, ಊರಿಗೆ ಉದ್ದ ರಜೆ ಮೇಲೆ ಬಂದು ಹೋದರೆ ಈ ಒಗ್ಗಿಸೋದೆಲ್ಲ ಮತ್ತೆ ಮೊದಲಿಂದ.