ಗುಡಾರದ ಗೊಣಗಾಟ ಬೇರೆ, ದೇವರ ಮುಂದಿನ ಪ್ರಶ್ನೆ ಬೇರೆ

ಪ್ರಶ್ನೆ: ನನ್ನ ಯಜಮಾನರು ಲಂಚ ಮುಟ್ಟುವವರಲ್ಲ. ಅದಕ್ಕೇ ಕೆಲಸ ಹೋಯಿತು, ಲಂಚ ತಿಂದವರಿಗೆ ಬಡ್ತಿ ಸಿಕ್ಕಿತು. ‘ದೇವರೇ, ಇದ್ಯಾವ ನ್ಯಾಯ?’ ಎಂದು ಪ್ರಾರ್ಥನಾ ಕೂಟದಲ್ಲಿ ಅತ್ತೆ. ಹಿರಿಯರೊಬ್ಬರು ‘ಗುಣುಗುಟ್ಟಿದವರು ಅರಣ್ಯದಲ್ಲೇ ಸತ್ತರು, ಜೋಕೆ’ ಎಂದರು. ಹೀಗೆ ಕೇಳುವುದು ಪಾಪವೇ?
– ಓದುಗರೊಬ್ಬರು, ಹಾಸನ

ಉತ್ತರ: ಖಂಡಿತ ಪಾಪವಲ್ಲ, ಸಹೋದರಿ. ಆ ಹಿರಿಯರು ನೆನಪಿಸಿದ, ಸತ್ಯವೇದದ (ಬೈಬಲ್) ಅರಣ್ಯಕಾಂಡ ಪುಸ್ತಕದಲ್ಲೇ 11ನೆಯ ಅಧ್ಯಾಯ ತೆಗೆದು ನಿಧಾನವಾಗಿ ಓದಿ. ಅರಣ್ಯದಲ್ಲಿ ದೇವರು ಕೊಟ್ಟ ಮನ್ನವೆಂಬ ಆಹಾರ ತಿಂದು ಬೇಸತ್ತ ಇಸ್ರಾಯೇಲ್ ಜನರು ತಾವು ಬಿಟ್ಟುಬಂದ ಐಗುಪ್ತದ (ಈಜಿಪ್ಟ್) ಮೀನು, ಸೌತೆಕಾಯಿ, ಈರುಳ್ಳಿ ನೆನೆದು ಗುಡಾರದ ಬಾಗಿಲಲ್ಲಿ ಅಳುತ್ತಾರೆ. ಅದೇ ಅಧ್ಯಾಯದಲ್ಲಿ ಅವರ ನಾಯಕ ಮೋಶೆಯ ಮಾತು ಅವರದಕ್ಕಿಂತ ಖಾರವಾಗಿದೆ. ಈ ಜನರನ್ನೆಲ್ಲ ನಾನು ಹೆತ್ತೆನೇ, ಹೀಗೇ ನಡೆಸುವುದಾದರೆ ನನ್ನನ್ನು ಕೊಂದುಬಿಡು ಅನ್ನುತ್ತಾನೆ. ಜನರ ಮೇಲೆ ದೇವರ ಕೋಪ ಉರಿಯಿತು. ಮೋಶೆಗಾದರೋ ಹೊರೆ ಹಂಚಿಕೊಳ್ಳಲು 70 ಮಂದಿ ಹಿರಿಯರು ಸಿಕ್ಕರು. ಯಾಕೆಂಬುದು 20ನೆಯ ವಚನದಲ್ಲಿದೆ: ಜನರು ತಮ್ಮ ನಡುವೆಯೇ ಇದ್ದ ದೇವರನ್ನು ತಾತ್ಸಾರ ಮಾಡಿ ಐಗುಪ್ತದ ಕಡೆ ಮುಖ ತಿರುಗಿಸಿದ್ದರು. ಮೋಶೆ ಅಷ್ಟು ನೊಂದಿದ್ದರೂ ದೇವರ ಹತ್ತಿರವೇ ಹೋದ.

ನಿಮ್ಮ ಪ್ರಶ್ನೆಯನ್ನೇ ಇಟ್ಟುಕೊಂಡು ಹುಟ್ಟಿದ ಪುಸ್ತಕ ಸತ್ಯವೇದದಲ್ಲಿರುವ ಪ್ರವಾದಿ ಹಬಕ್ಕೂಕನದು. 3 ಅಧ್ಯಾಯ, 56 ವಚನ. ಒಂದೇ ಸಲ ಕೂತು ಓದಿ ಮುಗಿಸಬಹುದು. ತನ್ನ ನಾಡಾದ ಯೆಹೂದದಲ್ಲಿ ನ್ಯಾಯ ಡೊಂಕಾಗಿದೆ, ಎಷ್ಟು ಕಾಲ ಮೊರೆಯಿಡಲಿ ಎಂದು ಪ್ರವಾದಿ ಕೇಳುತ್ತಾನೆ. ಕಸ್ದೀಯರನ್ನು ಎಬ್ಬಿಸುತ್ತೇನೆ ಎಂಬ ಉತ್ತರ ಬಂದಾಗ ಗೊಂದಲ ಇನ್ನೂ ಹೆಚ್ಚುತ್ತದೆ. ಬಾಬೆಲಿನ ಆ ದಂಡು ಯೆಹೂದದವರಿಗಿಂತ ಕ್ರೂರ, ಜನಾಂಗಗಳನ್ನು ಮೀನಿನಂತೆ ಬಲೆಯಲ್ಲಿ ಬಾಚುವವರು. ಆದ್ದರಿಂದ ಅವನು ಎರಡನೆಯ ಸಲ ಕೇಳುತ್ತಾನೆ. ದೇವರು ಅವನನ್ನು ಗದರಿಸಲಿಲ್ಲ.

ಆ ಎರಡನೆಯ ಪ್ರಶ್ನೆಯ ಕಟ್ಟು ಗಮನಿಸಿ (1:12-13). ಮೊದಲು ದೇವರು ಯಾರೆಂದು ಹೇಳುತ್ತಾನೆ: ನೀನು ಅನಾದಿ, ಪರಿಶುದ್ಧ, ಕೇಡನ್ನು ನೋಡಲಾರದಷ್ಟು ನಿರ್ಮಲ ಕಣ್ಣಿನವನು. ಪ್ರಶ್ನೆ ಅಲ್ಲಿಂದಲೇ ಏಳುತ್ತದೆ: ಹಾಗಿದ್ದರೆ ಯಾಕೆ ಸುಮ್ಮನೆ ನೋಡುತ್ತಿದ್ದೀ?

ನೀವೂ ಒಂದು ನೋಟ್‌ಬುಕ್‌ನಲ್ಲಿ ಹೀಗೆಯೇ ಬರೆಯಿರಿ. ತಾರೀಖು ಹಾಕಿ, ಪುಟಕ್ಕೆ ಒಂದೇ ವಿಷಯ. ಮೇಲೆ ದೇವರ ಬಗ್ಗೆ ನೀವು ನಂಬಿರುವ ಒಂದು ಮಾತು, ವಚನ ಸಮೇತ. ಕೆಳಗೆ ನಡೆದದ್ದು, ಎರಡೇ ಸಾಲು, ಬಣ್ಣ ಹಚ್ಚದೆ. ಇವೆರಡೂ ಎಲ್ಲಿ ಕೂಡಿಬರುವುದಿಲ್ಲವೋ ಅದೇ ನಿಮ್ಮ ಪ್ರಶ್ನೆ: ‘ನೀನು ನೀತಿವಂತರನ್ನು ಕೈಬಿಡುವವನಲ್ಲ. ನಮ್ಮ ಮನೆಯವರು ನಿನ್ನ ಮಾತಿನಂತೆ ನಡೆದು ಕೆಲಸ ಕಳೆದುಕೊಂಡರು. ನೀನು ಯಾಕೆ ತಡೆಯಲಿಲ್ಲ?’ ‘ದೇವರು ಯಾಕೆ ತಡೆಯಲಿಲ್ಲ’ ಎಂದು ಬರೆದರೆ ಅದು ದೇವರ ಬಗೆಗಿನ ಚರ್ಚೆಯಾಗುತ್ತದೆ, ಪ್ರಾರ್ಥನೆ ಅಲ್ಲಿಗೇ ನಿಲ್ಲುತ್ತದೆ. ‘ನೀನು’ ಎಂದೇ ಬರೆಯಿರಿ, ಗಟ್ಟಿಯಾಗಿ ಓದಿ ಹೇಳಿ, ಹತ್ತು ನಿಮಿಷ ಸುಮ್ಮನಿರಿ. ಆಮೇಲೆ ಕಣ್ಣುಮುಚ್ಚಿ ಸತ್ಯವೇದ ತೆರೆದು, ಬೆರಳು ಬಿದ್ದ ವಚನವನ್ನೇ ಉತ್ತರವೆಂದು ಹಿಡಿಯಬೇಡಿ. ಎಷ್ಟೋ ಮಂದಿ ದಾರಿ ತಪ್ಪುವುದು ಇಲ್ಲೇ. ಹಬಕ್ಕೂಕ ಕಾವಲಿನಲ್ಲಿ ನಿಂತು ಕಾದ (2:1).

ಕೂಟದಲ್ಲಿ ಅತ್ತದ್ದು ತಪ್ಪಲ್ಲ. ಆದರೂ ಸತ್ಯವೇದದ 73ನೆಯ ಕೀರ್ತನೆಯನ್ನು ಹಾಡಿದ ಆಸಾಫ ತನ್ನ ಸಂದೇಹವನ್ನೆಲ್ಲ ದೇವಜನರ ಮುಂದೆ ಹಾಗೇ ಸುರಿಯಲು ಹಿಂಜರಿದ (15ನೆಯ ವಚನ). ಗುಟ್ಟು ಕಾಯುವ ಒಬ್ಬಿಬ್ಬರ ಹತ್ತಿರ ಮನಸ್ಸು ಬಿಚ್ಚಿ, ಸಾಕು.

ಪ್ರಶ್ನೆ: ಕಷ್ಟ ಹೇಳಿಕೊಂಡ ಮೇಲೆ ಕೊನೆಗೆ ಸ್ತೋತ್ರ ಹೇಳಲೇಬೇಕೇ? ನನಗೆ ಬಾಯಿ ಬರುತ್ತಿಲ್ಲ.
– ಓದುಗರೊಬ್ಬರು, ಉಡುಪಿ

ಉತ್ತರ: ಬಲವಂತವಾಗಿ ಹೇಳಬೇಡಿ. 13ನೆಯ ಕೀರ್ತನೆ ‘ಎಷ್ಟರವರೆಗೆ’ ಎಂದು ನಾಲ್ಕು ಸಲ ಕೇಳಿ, ಆರು ವಚನದೊಳಗೆ ಹಾಡಿಗೆ ತಿರುಗುತ್ತದೆ. 88ನೆಯದು 18 ವಚನವಿದ್ದರೂ ತಿರುಗುವುದೇ ಇಲ್ಲ, ಕತ್ತಲಲ್ಲೇ ಮುಗಿಯುತ್ತದೆ. ಅದೂ ಸತ್ಯವೇದದಲ್ಲಿ ಇರುವ ಪ್ರಾರ್ಥನೆಯೇ. ಸದ್ಯಕ್ಕೆ 88 ನಿಮ್ಮದಾಗಲಿ. ಅದರ ಮೊದಲ ವಚನ ಮಾತ್ರ ಬಿಡಬೇಡಿ: ‘ನನ್ನನ್ನು ರಕ್ಷಿಸುವ ದೇವರೇ’ ಎಂದು ಕರೆದೇ ಅಳಲು ಶುರುವಾಗುತ್ತದೆ.

ಊಟ, ನಿದ್ದೆ ಬಿಟ್ಟುಹೋಗಿದ್ದರೆ, ಸಾಯುವ ಯೋಚನೆ ಬರುತ್ತಿದ್ದರೆ ಮನೆಯವರಿಗೆ ಹೇಳಿ ಇವತ್ತೇ ವೈದ್ಯರನ್ನು ಕಾಣಿ. ಅದು ನಂಬಿಕೆಯ ಕೊರತೆಯಲ್ಲ. ಸಾಯಬೇಕೆಂದು ಬೇಡಿದ ಪ್ರವಾದಿ ಎಲೀಯನಿಗೆ ದೇವದೂತ ಉಪದೇಶ ಮಾಡಲಿಲ್ಲ. ಅವನನ್ನು ಎಬ್ಬಿಸಿ ರೊಟ್ಟಿ, ನೀರು ಕೊಟ್ಟ. ಮತ್ತೆ ಮಲಗಿದಾಗ ಎರಡನೆಯ ಸಲವೂ ಎಬ್ಬಿಸಿ ತಿನ್ನಿಸಿದ (1 ಅರಸು 19).

ಪ್ರಶ್ನೆ: ‘ಅಷ್ಟು ಪ್ರಾರ್ಥನೆ ಮಾಡಿದರೂ ದೇವರು ಅಜ್ಜಿಯನ್ನು ಯಾಕೆ ವಾಸಿ ಮಾಡಲಿಲ್ಲ?’ ಎಂದು ಹತ್ತು ವರ್ಷದ ಮಗಳು ಕೇಳುತ್ತಾಳೆ. ಏನು ಹೇಳಲಿ?
– ಓದುಗರೊಬ್ಬರು, ಬೀದರ್

ಉತ್ತರ: ‘ದೇವರಿಗೆ ಅಜ್ಜಿ ಬೇಕಾಗಿತ್ತು’ ಅನ್ನಬೇಡಿ, ನಾಳೆ ಅಮ್ಮನೂ ಬೇಕಾದರೆ ಎಂದು ಮಗು ಹೆದರುತ್ತದೆ. ‘ನನಗೂ ಗೊತ್ತಿಲ್ಲ ಮಗಳೇ, ಇಬ್ಬರೂ ಕೇಳೋಣ’ ಅನ್ನಿ. ಯೋಹಾನ 11ನ್ನು ಓದಿ ಹೇಳಿ. ನೀನು ಇಲ್ಲಿ ಇದ್ದಿದ್ದರೆ ನಮ್ಮ ಸಹೋದರ ಸಾಯುತ್ತಿರಲಿಲ್ಲ ಎಂದು ಮಾರ್ಥಳೂ ಮರಿಯಳೂ ಬೇರೆಬೇರೆಯಾಗಿ ಬಂದು ಯೇಸುವಿಗೆ ಹೇಳುತ್ತಾರೆ. ಯೇಸು ಇಬ್ಬರನ್ನೂ ಗದರಿಸಲಿಲ್ಲ, ಮರಿಯಳು ಅಳುವುದನ್ನು ಕಂಡು ತಾನೂ ಅತ್ತ. ಆಮೇಲೆ ಮಗಳು ತನ್ನ ಮಾತಿನಲ್ಲೇ ಪ್ರಾರ್ಥಿಸಲಿ. ಮಧ್ಯೆ ಬಾಯಿ ಹಾಕಿ ತಿದ್ದಬೇಡಿ.